ಒಗ್ಗರಣೆ ಇಲ್ಲದ ಮೂರು ದಿನ

ಹೊಸೂರಿನ ನಮ್ಮ ಮನೆಯಲ್ಲಿ ಸಾಸಿವೆ ಚಟಪಟ ಎಂದಾಗಲೆಲ್ಲ ನನಗೆ ಅತ್ತೆ ನೆನಪಾಗುತ್ತಾರೆ. ಬದುಕಿದ್ದಾಗ ಅವರ ಜೊತೆ ಜಗಳವಾಡಿದ್ದೇ ಹೆಚ್ಚು, ಈಗ ಹುಡುಕಿದರೂ ಅಂಥ ಜಗಳಗಂಟಿ ಸಿಗುವುದಿಲ್ಲ.

ಆಗ ಮಗಳಿಗೆ ಒಂಬತ್ತು ತಿಂಗಳು. ವಾಚು ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ತಳಿ ಪಟ್ಟಣದ ಹತ್ತಿರ ಗಂಡನ ಊರಲ್ಲಿದ್ದೆ. ದಡಾರದ ಚುಚ್ಚುಮದ್ದು ಹಾಕಿಸಿದ ಎಂಟನೇ ದಿನ ಮಗುವಿನ ಎದೆ, ಬೆನ್ನಿನ ಮೇಲೆಲ್ಲ ಕೆಂಪು ಗುಳ್ಳೆ ಎದ್ದವು. ಮೈಯೂ ಬೆಚ್ಚಗಾಗಿತ್ತು.

ಅತ್ತೆ ಅಂಗಿ ಎತ್ತಿ ನೋಡಿದವರೇ ಕೈಮುಗಿದರು. "ಅಮ್ಮ ಬಂದವ್ಳೆ ಕಣಮ್ಮ. ಒಗ್ಗರಣೆ ಹಾಕ್ಬೇಡ."

ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಎಣ್ಣೆ ಕಾಯಿಸುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಮಗುವನ್ನು ಗದರಿದರೆ ಅಮ್ಮನನ್ನೇ ಗದರಿದಂತೆ.

ನನಗೆ ಮೈಯೆಲ್ಲ ಉರಿಯಿತು. "ಇದು ಇಂಜೆಕ್ಷನ್ನಿಂದ ಬಂದಿರೋದು ಅತ್ತೆ. ಕೆಲವು ಮಕ್ಕಳಿಗೆ ಹಿಂಗಾಯ್ತದೆ ಅಂತ ನರ್ಸಮ್ಮ ಅವತ್ತೇ ಹೇಳಿದ್ರು."

"ಹಂಗಾದ್ರೆ ಸೂಜೀನೇ ಅಮ್ಮನ್ನ ಕರ್ಕೊಂಡು ಬಂತು ಅನ್ನು. ಇನ್ಮೇಲೆ ಈ ಮಗೂಗೆ ಸೂಜಿ ಬ್ಯಾಡ."

ನನಗೆ ಭಯವಾಗಿದ್ದು ಗುಳ್ಳೆಗಿಂತ ಈ ಮಾತಿಗೆ. ಎರಡನೇ ಡೋಸು ಇನ್ನೂ ಬಾಕಿಯಿತ್ತು. ಗಂಡನೋ, ಅವರಮ್ಮ ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ.

ಫೋನ್ ಮಾಡಿದ್ದಕ್ಕೆ ಸಂಜೆ ನರ್ಸಮ್ಮ ಬಂದರು. ತಮಿಳಿನವರು. ಬೇವಿನ ಸೊಪ್ಪು ಕಂಡಿದ್ದೇ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು. ಮಗುವನ್ನು ಜಗಲಿಗೆ ತರಿಸಿಕೊಂಡು ನೋಡಿ, "ಎರಡು ಮೂರು ದಿನಕ್ಕೆ ಹೋಗ್ತದೆ. ಜ್ವರ ಏರಿದ್ರೆ, ಹಾಲು ಕುಡೀದೆ ಇದ್ರೆ, ಉಸಿರು ಕಷ್ಟ ಆದ್ರೆ ಉಡನೆ, ತಡ ಮಾಡ್ದೆ ಆಸ್ಪತ್ರೆಗೆ ಬನ್ನಿ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ತಮಿಳಿನಲ್ಲಿ ಅಜ್ಜಿ ಎಂದು ಕರೆದು ಕೇಳಿದರು: "ಪಾಟಿ, ನಿಜವಾದ ಅಮ್ಮನ್ನ ನೋಡಿದ್ದೀರಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ನೋಡಿವ್ನಿ. ಇವಳ ಗಂಡ ಹುಟ್ಟೋಕ್ ಮುಂಚೆ ನಂಗೊಂದು ಹೆಣ್ಮಗು ಇತ್ತು. ಸೊಪ್ಪು ಹಾಸಿದ್ದೆ, ಒಗ್ಗರಣೆ ನಿಲ್ಸಿದ್ದೆ. ಏನೂ ತಪ್ಪು ಮಾಡಿರ್ಲಿಲ್ಲ. ಐದೇ ದಿನ, ಕರ್ಕೊಂಡು ಹೋಗ್ಬುಟ್ಳು."

ಆ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಆ ಮಗುವಿನ ಸುದ್ದಿ ನಾನು ಕೇಳಿದ್ದು ಅವತ್ತೇ ಮೊದಲು.

"ಆ ಅಮ್ಮ ಮತ್ತೆ ಬರದೆ ಇರ್ಲಿ ಅಂತಾನೇ ಈ ಸೂಜಿ ಪಾಟಿ" ಎಂದರು ನರ್ಸಮ್ಮ. ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಮೂರನೇ ದಿನಕ್ಕೆ ಗುಳ್ಳೆ ಮಾಯ. ಬೇವಿನ ನೀರು ಹೊಯ್ದು, ಮೊಸರನ್ನ ಎಡೆಯಿಟ್ಟು ಅಮ್ಮನನ್ನು ಕಳಿಸಿಕೊಟ್ಟ ಮೇಲೆ ಅತ್ತೆಯೇ ಸಾಸಿವೆ ಸಿಡಿಸಿದರು. ಆ ಸಾರಿನ ರುಚಿ ನನಗೆ ಮತ್ತೆ ಸಿಕ್ಕಿಲ್ಲ.

ಮಗಳಿಗೆ ಒಂದೂವರೆ ವರ್ಷವಾದಾಗ ಎರಡನೇ ಡೋಸಿನ ದಿನ ಬಂತು. ರಾತ್ರಿಯೆಲ್ಲ ಜಗಳಕ್ಕೆ ಮಾತು ಜೋಡಿಸಿಕೊಂಡು ಬೆಳಗ್ಗೆ ಎದ್ದರೆ, ಅತ್ತೆ ಮಗುವಿಗೆ ಸ್ನಾನ ಮಾಡಿಸಿ, ಸೊಂಟಕ್ಕೊಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಹೊಸಿಲಲ್ಲಿ ನಿಂತಿದ್ದರು.

"ಬಸ್ ಬತ್ತದೆ, ನಡಿ."

ಆರೋಗ್ಯ ಕೇಂದ್ರದಲ್ಲಿ ಮಗುವನ್ನು ನನಗೆ ಕೊಡಲಿಲ್ಲ, ತಮ್ಮ ತೊಡೆಯ ಮೇಲೇ ಕೂರಿಸಿಕೊಂಡರು. ಸೂಜಿ ಚುಚ್ಚಿದಾಗ ಮಗು ಚೀರಿತು. ಅತ್ತೆ ಅದನ್ನು ಎದೆಗವಚಿಕೊಂಡು, "ಆಯ್ತು ಕಂದ, ಆಯ್ತು" ಎನ್ನುತ್ತಾ ಹೆಸರು ಹಿಡಿದು ಕರೆದರು. ಅದು ನನ್ನ ಮಗಳ ಹೆಸರಾಗಿರಲಿಲ್ಲ.