ಸೈಕಲ್ಲಿನಿಂದ ಇಳಿಯದ ಚೌಡಪ್ಪ ಮಾವ

ಆಗುವುದಿಲ್ಲ ಎಂದು ಮೊದಲು ಹೇಳಿದವರು ಮೊಳಕಾಲ್ಮೂರಿನ ಸೀರೆ ಸಾಹುಕಾರ ಶೇಷಯ್ಯನವರು. ನನ್ನ ಸೋದರಮಾವ ಚೌಡಪ್ಪ ಗೋಣಿತಾಟು ಸುತ್ತಿ ಬಳ್ಳಾರಿಯಿಂದ ಬಂಡಿಯ ಮೇಲೆ ತಂದ ಹೊಸ ಸೈಕಲ್ಲನ್ನು ಅಂಗಡಿ ಕಟ್ಟೆಯಿಂದಲೇ ನೋಡಿ, ಎಲೆಯಡಿಕೆ ಉಗಿದು, "ಗುಂಡಿಯಾಗೆ ಕುಂತು ಮಗ್ಗ ತುಳಿಯೋನು ಸೈಕಲ್ ಮ್ಯಾಲೆ ಕುಂದರಾದು ಈ ಜನ್ಮದಾಗೆ ಆಗಲ್ಲ. ಅವನ ತಂಗಿ ಮಗ ಓದಿ ದೊಡ್ಡ ಮನುಷ್ಯ ಆಗಾದೂ ಅಷ್ಟೇಯ" ಎಂದರು.

ಆ ತಂಗಿಯ ಮಗ ನಾನು. ಈಗ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುತ್ತೇನೆ. ಜಂಬ ಎನ್ನುವವರು ಎನ್ನಲಿ.

ಮಾವನನ್ನು ಮನೆಯೊಳಗೆ ನೋಡಿದವರು ಕುಳ್ಳ ಎಂದೇ ತಿಳಿಯುತ್ತಿದ್ದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನು ಎದೆಯಿಂದ ಮೇಲಕ್ಕಷ್ಟೇ ಕಾಣುತ್ತಿದ್ದ. ಎದ್ದು ನಿಂತರೆ ಬಾಗಿಲಿಗೆ ತಲೆ ತಗ್ಗಿಸಬೇಕಿತ್ತು; ಅವನು ಜೀವಮಾನದಲ್ಲಿ ತಲೆ ತಗ್ಗಿಸಿದ್ದು ಆ ಬಾಗಿಲಿಗೊಂದಕ್ಕೇ. ದೇವರೊಡನೆ, ಮಗ್ಗದೊಡನೆ, ಸಿಟ್ಟು ಬಂದಾಗ ಎಲ್ಲರೊಡನೆ ತೆಲುಗು ಮಾತಾಡುತ್ತಿದ್ದ. ಉಳಿದಂತೆ ಕನ್ನಡ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಅವನ ಮನೆಯಲ್ಲೇ ಇದ್ದೆವು. ನೇಯ್ದ ಸೀರೆಯನ್ನು ಸಾಹುಕಾರರು ಹೇಳಿದ ಬೆಲೆಗೆ ಕೊಡಬೇಕು, ಇಲ್ಲವೇ ಹೊತ್ತುಕೊಂಡು ಚಳ್ಳಕೆರೆಗೆ ನಡೆಯಬೇಕು. ನಡೆದು ಹೋಗಿ ಬರುವಷ್ಟರಲ್ಲಿ ಅರ್ಧ ವಾರ ಕಳೆದು ಮಗ್ಗ ಬರಿದಾಗಿ ನಿಂತಿರುತ್ತಿತ್ತು. ಆ ಮಗ್ಗಕ್ಕೆ ನನ್ನನ್ನು ಇಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಮಾವ ಒಪ್ಪಲಿಲ್ಲ. ಬಳ್ಳಾರಿಯ ವಕೀಲರೊಬ್ಬರ ಮನೆ ಮದುವೆಗೆ ಸೀರೆಗಳನ್ನು ನೇಯ್ದುಕೊಟ್ಟು, ಅವುಗಳ ಬದಲಿಗೆ ಹೊಸ ಸೈಕಲ್ಲೇ ಬೇಕೆಂದು ಹಟ ಹಿಡಿದು ತಂದ.

"ನೋಡಲೇ," ಎಂದ ನನಗೆ, "ಬ್ಯಾಸಿಗೆ ರಜಾ ಮುಗಿಯಾದ್ರಾಗೆ ನಾನು ಇದರ ಮ್ಯಾಲೆ ಚಳ್ಳಕೆರೆಗೆ ಹೋಗಿ ಬಂದ್ರೆ ನೀನು ಸ್ಕೂಲಿಗೆ. ಇಲ್ಲಾಂದ್ರೆ ಗುಂಡಿಗೆ."

ಊರಾಚೆ ಬಂಡೆಗಳ ನಡುವಿನ ಬಯಲಿನಲ್ಲಿ ಕಲಿಕೆ ಶುರುವಾಯಿತು. ಹಿಂದಿನಿಂದ ಹಿಡಿದುಕೊಳ್ಳುವವನು ನಾನು. ಈಗಿನ ಸೈಕಲ್ಲುಗಳಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತಾನೇ ಉರುಳುತ್ತದೆ. ಅದು ಹಾಗಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತಿತ್ತು. ಮಾವನ ಕಾಲಿಗೋ ಮಗ್ಗದ ಅಭ್ಯಾಸ: ಒಮ್ಮೆ ತುಳಿಯಬೇಕು, ನಿಲ್ಲಬೇಕು, ಲಾಳಿ ಎಸೆಯಬೇಕು, ಮತ್ತೆ ತುಳಿಯಬೇಕು. ಒಂದು ತುಳಿತ ತುಳಿದು ಕಾಲು ನಿಲ್ಲಿಸುವನು. ಬಲಗೈ ತಾನಾಗಿ ಹ್ಯಾಂಡಲ್ ಬಿಟ್ಟು, ಇಲ್ಲದ ಲಾಳಿಯನ್ನು ಎಸೆಯಲು ಹಾರುವುದು. ಪೆಡಲು ಅವನನ್ನು ಕುದುರೆಯಂತೆ ಎತ್ತಿ ಒಗೆಯುವುದು. "ಉಂಡವೇ ತಲ್ಲೀ!" ಎಂದು, ನಿಲ್ಲು ತಾಯೀ ಎಂದು, ಸೈಕಲ್ಲಿಗೆ ತೆಲುಗಿನಲ್ಲಿ ಕೂಗುತ್ತಲೇ ಬೀಳುತ್ತಿದ್ದ. ನೋಡಲು ಬಂದವರು ಬಂಡೆಗಳ ಮೇಲೆ ಸಾಲಾಗಿ ಕೂತು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ರಜೆ ಕರಗುತ್ತಿತ್ತು.

ಒಂದು ಸಂಜೆ ಅವನ ಮೊಣಕೈಗೆ ಅರಿಶಿನ ಹಚ್ಚುತ್ತ ಅವ್ವ ಹೇಳಿದಳು: "ಅಣ್ಣಾ, ನಿನ್ನ ಕಾಲು ಇನ್ನಾ ಮಗ್ಗದಾಗೇ ಐತೆ. ತುಳೀತೀಯ, ನಿಲ್ತೀಯ. ಅದು ಮಗ್ಗ ಅಲ್ಲ, ರಾಟೆ. ನಾನು ನೂಲು ಸುತ್ತುವಾಗ ನಡುವೆ ನಿಲ್ಲಿಸ್ತೀನಾ?"

"ರಾಟೆ ಹೆಂಗಸ್ರ ಕೆಲ್ಸ ಕಣೇ."

"ಹಂಗಾರೆ ಗಂಡಸ್ರಂಗೆ ಬೀಳು ಹೋಗು."

ಮರುದಿನ ಬೆಳಗ್ಗೆ ಮಾವ ಅವ್ವನ ರಾಟೆಯ ಮುಂದೆ ಕೂತಿದ್ದ. ಕೈಯಲ್ಲಿ ರಾಟೆ ತಿರುಗಿಸುತ್ತ, ಅದೇ ಲಯದಲ್ಲಿ ಚಾಚಿದ ಪಾದಗಳನ್ನೂ ಗಾಳಿಯಲ್ಲಿ ಸುತ್ತಿಸುತ್ತಿದ್ದ. ಬಾಗಿಲಲ್ಲಿ ಇಣುಕಿದ ಪಕ್ಕದ ಮನೆಯವನು, "ಏನ್ ಚೌಡಪ್ಪಾ, ನಾಳೆಯಿಂದ ಸೀರೇನೂ ಉಡ್ತೀಯಾ?" ಎಂದ.

"ನೇಯೋನೇ ನಾನು, ಉಡಾಕೇನು? ನಿನಗೂ ಒಂದು ನೇಯ್ಲೇನಲೇ? ಯಾವ ಅಂಚು ಬೇಕು?"

ಮುಂದೆ ಬಿದ್ದದ್ದು ಕಡಿಮೆ. ಸ್ಕೂಲು ತೆರೆಯುವ ವಾರವೇ ಸೀರೆಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಬಿಗಿದುಕೊಂಡು ಹೊರಟ. ದಾರಿಯಲ್ಲೇ ಸಾಹುಕಾರರ ಅಂಗಡಿ. ಬಂಡಿಯಲ್ಲಿರಲಿ, ಕುದುರೆಯ ಮೇಲಿರಲಿ, ನಮ್ಮಂಥವರು ಅವರ ಕಟ್ಟೆಯ ಮುಂದೆ ಇಳಿದು ನಡೆಯಬೇಕೆಂಬುದು ವಾಡಿಕೆ.

"ಲೇ ಚೌಡಾ, ಇಳಿಯಲೇ ಕೆಳಗೆ!" ಎಂದು ಸಾಹುಕಾರರು ಕೂಗಿದರು.

ಮಾವ ತುಳಿಯುವುದನ್ನು ಬಿಡಲಿಲ್ಲ. "ಇಳಿಯಾದು ಇನ್ನಾ ಕಲ್ತಿಲ್ರೀ ಸಾಹುಕಾರ್ರೇ! ಹತ್ತಾದೊಂದೇ ಬರ್ತೈತೆ!"

ಆ ದಿನ ಅದು ನಿಜವೂ ಆಗಿತ್ತು. ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಮಾರುವವರ ರಾಶಿಗೆ ನೇರ ನುಗ್ಗಿಸಿ ನಿಂತನಂತೆ. ಬೈಗುಳ ತಿಂದನಂತೆ, ಸೀರೆಯ ಮಡಿಕೆ ಕೆಟ್ಟಿರಲಿಲ್ಲವಂತೆ. ಮರುದಿನ ಸಂಜೆಗೆಲ್ಲ ಮನೆಗೆ ಬಂದು ಮಗ್ಗಕ್ಕೆ ಕೂತ. ಮುಂದಿನ ತಿಂಗಳೊಳಗೆ ಇಳಿಯುವುದನ್ನೂ ಚೆನ್ನಾಗಿಯೇ ಕಲಿತ. ಆದರೂ ಆ ಕಟ್ಟೆಯ ಮುಂದೆ ವರ್ಷಗಟ್ಟಲೆ ಅದೇ ಉತ್ತರ ಕೊಟ್ಟ. ಸ್ಕೂಲು ತೆರೆದ ದಿನ ನನ್ನನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಆ ಕಟ್ಟೆಯ ಮುಂದಿನಿಂದಲೇ ಹೋದ. ಸ್ಕೂಲಿಗೆ ಹತ್ತಿರದ ದಾರಿ ಬೇರೆ ಇತ್ತು.

ಆಮೇಲೆ ಚಿತ್ರದುರ್ಗ, ಆಮೇಲೆ ಬೆಂಗಳೂರು. ಬೇರೆಯವರ ಮಕ್ಕಳಿಗೆ ಪಾಠ ಹೇಳಿ, ಒಂದು ಹೊತ್ತು ಉಂಡು ಓದಿದೆ. ಒಂದು ಸಲ ಫೇಲಾದೆ. ಸಾಹುಕಾರರು ಕಟ್ಟೆಯಲ್ಲಿ ಸಕ್ಕರೆ ಹಂಚಿದರೆಂದು ಊರಿನಿಂದ ಬಂದವರು ಹೇಳಿದರು. ಅವರ ಕೈಯಲ್ಲೇ ಮಾವ ಹೇಳಿಕಳಿಸಿದ್ದ ಮಾತು ಇಷ್ಟು: "ನಾನು ಬಿದ್ದದ್ದು ಹಿಂದೆ ನಿಂತು ನೋಡಿದೀಯಲ್ಲ. ಮುಚ್ಕಂಡು ಮತ್ತೆ ಹತ್ತು."

ಪದವಿಪತ್ರ ಹಿಡಿದು ಊರಿಗೆ ಬಂದಾಗ ಮಾವ ಕೆಮ್ಮು ಹಿಡಿದು ಚಾಪೆಯ ಮೇಲೆ ಮಲಗಿದ್ದ. ನಾನು ಅವನನ್ನು ಕಂಡದ್ದು ಅದೇ ಕೊನೆ. ಮುಂದಿನ ಚಳಿಗಾಲದ ಹೊತ್ತಿಗೆ ಅವನಿರಲಿಲ್ಲ. ಆ ದಿನ ಎದ್ದು ಕೂತು, ಕೈಗಳನ್ನು ಪಂಚೆಗೆ ಒರೆಸಿಕೊಂಡು, ಪತ್ರವನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಅವನಿಗೆ ಓದು ಬರುತ್ತಿರಲಿಲ್ಲ. ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ತನ್ನ ಕಿರಿಮಗಳು ಗಂಗಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಆಮೇಲೆ ಪತ್ರವನ್ನು ನನ್ನ ಕೈಗೇ ಕೊಟ್ಟ.

"ಇದನ್ನ ಗ್ವಾಡೆಗೆ ತೂಗಾಕಬ್ಯಾಡ. ನಾಳೆ ಇವಳ ಕೈ ಹಿಡ್ಕಂಡು ಸ್ಕೂಲಿಗೆ ಹೋಗು. ನೇಯೋರ ಮನೆ ಹೆಣ್ಣಿಗ್ಯಾಕೆ ಓದು ಅಂತ ಯಾವನಾರ ಕೇಳಿದ್ರೆ ನೀನು ಬಾಯಿ ಬಿಡಬ್ಯಾಡ. ಇದನ್ನ ಅವನ ಮಕದ ಮುಂದೆ ಹಿಡಿ."