ದೊಡ್ಡ ಸಿಸ್ಟರ್ ಕಳಿಸಿದ ಜಾಗ

ದೊಡ್ಡವನೇ, ಸಣ್ಣಾಕೀ, ಎದುರಿಗೆ ಕೂಡಿಸಿಕೊಂಡು ಹೇಳಲು ನಿಮ್ಮ ಈ ಅಜ್ಜಿಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಬಸವನ ಬಾಗೇವಾಡಿಯಲ್ಲಿದ್ದೆವು. ಸಣ್ಣಾಕೀ, ನೀನಿನ್ನೂ ಮೊಲೆಗೂಸು. ನರ್ಸ್ ಕಲಿತ ನಿಮ್ಮವ್ವನಿಗೆ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಅಲ್ಲಿ ಹಾಸ್ಟೆಲಿನಲ್ಲಿರಬೇಕು, ಮಕ್ಕಳನ್ನು ಒಯ್ಯುವಂತಿಲ್ಲ. ನಿನ್ನ ಹಾಲು ಬಿಡಿಸಿ ಹೋಗಬೇಕಿತ್ತು. ಸೋಮವಾರದೊಳಗೆ ಹೂಂ ಅನ್ನಬೇಕಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ನರ್ಸ್‌ಗಳೆಲ್ಲ ಕೂಡಿ ಕಂಪ್ಯೂಟರಿನಲ್ಲಿ ಒಂದು ಇ-ಮೇಲ್ ಗುಂಪು ಮಾಡಿಕೊಂಡಿದ್ದರು. ಎಲ್ಲಿ ಜಾಗ ಇದ್ದರೂ ಅದರಲ್ಲಿ ಬರೆಯುತ್ತಿದ್ದರು. ಹೆಚ್ಚು ಬರೆಯುತ್ತಿದ್ದವರು ಮುದ್ದೇಬಿಹಾಳದ ಆಸ್ಪತ್ರೆಯೊಂದರ ಹಿರಿಯ ನರ್ಸ್, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್. ಅವರನ್ನು ನಿಮ್ಮವ್ವ ಕಂಡಿರಲಿಲ್ಲ. ಅವಳು ಬಸ್ ಸ್ಟ್ಯಾಂಡಿನ ಎದುರಿನ ಸೈಬರ್ ಅಂಗಡಿಗೆ ಹೋಗಿ ನೋಡುತ್ತಿದ್ದಳು. ನಾನು ನಿನ್ನನ್ನು ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂಡುತ್ತಿದ್ದೆ.

ಆ ದಿನ ಒಳಗಿನಿಂದ ಅವಳು ನಗುವುದು ಕೇಳಿತು. “ಈ ಸಿಸ್ಟರ್ ನಿನ್ನಂಗ ಮಾತಾಡ್ತಾರ ಬೇ” ಎಂದು ನನ್ನನ್ನು ಕರೆದು, ಇಂಗ್ಲಿಷ್ ಅಕ್ಷರದಲ್ಲಿದ್ದ ಕನ್ನಡವನ್ನು ಓದಿ ಹೇಳಿದಳು:

“ನನ್ನ ಜಾಗಾ ತುಂಬೇತಿ. ಹಿಂದ ಇರಾಕ ಖೋಲಿನೂ ಐತಿ. ಮಕ್ಕಳ ವಾರ್ಡಿಗೆ ಹಸರು ಪರದೆ ಬಂದಾವ. ಕೂಸಿದ್ದಾಕಿ ಬಂದರ ಚಲೋ.”

ನಮ್ಮ ಮನೆಗಳಲ್ಲಿ ಖಾಲಿ ಎಂಬ ಮಾತು ಆಡುವುದಿಲ್ಲ. ಜೋಳ ತೀರಿದರೂ ತುಂಬೇತಿ ಅನ್ನುತ್ತೇವೆ, ಬಳೆ ಒಡೆದರೆ ಹೆಚ್ಚಾತು ಅನ್ನುತ್ತೇವೆ. ಗುಂಪಿನ ಹುಡುಗಿಯರು ಜಾಗಕ್ಕೆ ಯಾರೋ ಬಂದರೆಂದು ತಿಳಿದು ಸುಮ್ಮನಾಗಿದ್ದರಂತೆ. ನನ್ನ ಮಗಳು ನಿಮ್ಮವ್ವ ನನ್ನ ಕೈಯಲ್ಲಿ ಬೆಳೆದವಳು, ಅವಳಿಗೆ ಅರ್ಥವಾಯಿತು. ದೊಡ್ಡವನೇ, ಮರುದಿನ ಬೆಳಿಗ್ಗೆಯೇ ನಿನ್ನನ್ನು ನೆರೆಮನೆಯಲ್ಲಿ ಬಿಟ್ಟು, ನನ್ನನ್ನೂ ಕೂಸನ್ನೂ ಮುದ್ದೇಬಿಹಾಳದ ಬಸ್ಸು ಹತ್ತಿಸಿದಳು.

ಆಸ್ಪತ್ರೆ ಸಣ್ಣದು. ಡಾಕ್ಟರು ಇನ್ನೂ ಬಂದಿರಲಿಲ್ಲ. ಕಸ ಹೊಡೆಯುತ್ತಿದ್ದ ಆಯಾ, ಜಾಗ ಇದೆಯೆಂದು ಯಾರು ಹೇಳಿದರು, ನಾವು ಯಾರಿಗೂ ತಿಳಿಸಿಲ್ಲವಲ್ಲ ಎಂದು ಕೇಳಿದಳು.

“ದೊಡ್ಡ ಸಿಸ್ಟರೇ ನಿನ್ನೆ ಬರದಾರ್ರಿ” ಎಂದಳು ನಿಮ್ಮವ್ವ.

ಆಯಾ ಕಸಬರಿಗೆ ಗೋಡೆಗೆ ಆನಿಸಿದಳು. ನಮ್ಮಿಬ್ಬರ ಮುಖವನ್ನೂ ನೋಡಿದಳು.

“ಅವರನ್ನ ಮಣ್ಣ ಮಾಡಿ ವಾರದ ಮ್ಯಾಲಾತು, ತಂಗಿ.”

ನಾನು ಕೂಸನ್ನು ಸೆರಗಿನೊಳಗೆ ಸೇರಿಸಿಕೊಂಡೆ. ನಿಮ್ಮವ್ವ ಮಾತ್ರ, ಮೊದಲೇ ಬರೆದದ್ದು ಎಲ್ಲೋ ಸಿಕ್ಕಿಕೊಂಡು ತಡವಾಗಿ ಬಂದಿರಬೇಕು, ಕಂಪ್ಯೂಟರಿನಲ್ಲಿ ಹಾಗಾಗುತ್ತದೆ ಎಂದಳು. ನನಗೂ ಅದೇ ಸರಿ ಅನ್ನಿಸಿತು. ಅಷ್ಟರಲ್ಲಿ ಆಯಾ ನಮ್ಮನ್ನು ಮಕ್ಕಳ ವಾರ್ಡಿನಲ್ಲಿ ಕೂಡಲು ಕರೆದೊಯ್ದಳು.

ಅಲ್ಲಿ ಒಬ್ಬ ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಪರದೆ ಕಟ್ಟುತ್ತಿದ್ದ. ಒಂದು ಕಟ್ಟಿ ಆಗಿತ್ತು. ಉಳಿದವು ಇನ್ನೂ ಅಂಗಡಿಯ ಕಾಗದದಲ್ಲೇ ಇದ್ದವು. ಹಸಿರು.

ಇವು ಯಾವಾಗ ಬಂದವೆಂದು ಕೇಳಿದೆ. ಇದುವರೆಗೂ ಬಿಳಿಯವೇ ಇದ್ದವು, ಬಣ್ಣ ಆರಿಸಿ ಡಾಕ್ಟರ ಮನೆಯವರು ತಂದದ್ದು ನಿನ್ನೆ ಸಂಜೆ ಎಂದಳು ಆಯಾ. ನಾವು ಸೈಬರಿನಲ್ಲಿ ಓದಿದ್ದು ನಿನ್ನೆ ಮಧ್ಯಾಹ್ನ.

ನಾನು ನಿಮ್ಮವ್ವನ ಸೆರಗು ಜಗ್ಗಿದೆ. ಎದ್ದು ಹೋಗೋಣ, ಸೊಲ್ಲಾಪುರವೇ ಇರಲಿ, ಕೂಸನ್ನು ನಾನು ಆಕಳ ಹಾಲು ಹಾಕಿ ಬೆಳೆಸುತ್ತೇನೆ ಎಂದೆ. ಅವಳು ಪರದೆಯನ್ನೇ ನೋಡುತ್ತಿದ್ದಳು. ತುಟಿ ಬಿಳಿಚಿತ್ತು. ಆಗ, ಸಣ್ಣಾಕೀ, ನೀನು ಹಸಿದು ಅಳತೊಡಗಿದೆ. ನನ್ನ ಕೈಯಿಂದ ನಿನ್ನನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು.

“ಅಂಜಾಕ ನನಗ ಪುರಸೊತ್ತಿಲ್ಲವ್ವಾ” ಎಂದಳು. “ಯಾರರ ಕೊಡಲಿ, ಜಾಗಾ ಕೊಟ್ಟಾರಲ್ಲ.”

ಡಾಕ್ಟರು ಬಂದು ಕೆಲಸ ಕೊಟ್ಟರು. ಹಿಂದಿನ ಖೋಲಿಯನ್ನೂ ಕೊಟ್ಟರು. ನೀವಿಬ್ಬರೂ ಬೆಳೆದದ್ದು ಅಲ್ಲಿಯೇ, ಅವ್ವನ ಹತ್ತಿರ. ಒಂದು ದಿನವೂ ಅವಳನ್ನು ಬಿಟ್ಟಿರಲಿಲ್ಲ. ಆ ಖೋಲಿಯಲ್ಲಿ ನನಗೇನೂ ಕಾಣಲಿಲ್ಲ. ಆದರೆ ಮಧ್ಯಾಹ್ನ ನೀವು ಮಲಗಿದಾಗ ಯಾರೋ ಬಂದು ನಿಮ್ಮ ಹಣೆ ಮುಟ್ಟಿ ಜ್ವರ ನೋಡಿ ಹೋದಂತೆ ಅನ್ನಿಸುತ್ತಿತ್ತು. ನಾನು ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಅವರಿಗೆ ಸಂಕೋಚವಾದೀತು.

ಈ ಮಾತು ತೆಗೆದರೆ ನಿಮ್ಮವ್ವ ಇವತ್ತಿಗೂ ಎದ್ದು ಹೋಗುತ್ತಾಳೆ. ಈ ಹಾಳೆ ಅವಳ ಕೈಗೆ ಬಿದ್ದರೆ ಒಲೆ ಸೇರುತ್ತದೆ. ನೀವೇ ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿರಪ್ಪಾ.