ಸೋಮವಾರ ಬಾನೆಟ್ ಎತ್ತಬಾರದು

ನಮ್ಮ ಮಾವ ಮಹಾದೇವಸ್ವಾಮಿಯವರು ಮೂಗೂರಿನಲ್ಲಿ ನಲವತ್ತು ವರ್ಷ ಎತ್ತು ಕಟ್ಟಿ ಬೇಸಾಯ ಮಾಡಿದವರು. ಒಂದು ಸೋಮವಾರವೂ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ಸೋಮವಾರ ಬಸವಣ್ಣನಿಗೆ ಬಿಡುವು. ಅವತ್ತು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಹಸಿ ಹುಲ್ಲು ಹಾಕಿ, ತಾವೂ ಪಕ್ಕದಲ್ಲೇ ಕೂತುಬಿಡುತ್ತಿದ್ದರಂತೆ. ಮಂಡಿನೋವು ಬಂದ ಮೇಲೆ ಎತ್ತುಗಳನ್ನು ಮಾರಿದರು. ಖಾಲಿ ಬಿದ್ದಿದ್ದ ಆ ಕೊಟ್ಟಿಗೆಗೆ ಹೋದ ವರ್ಷ ನಮ್ಮ ಹಳೇ ಕಾರು ಬಂತು.

ಕಾರು ಕೊಂಡಿದ್ದು ಮಗಳು ಗಾನವಿಗಾಗಿ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆಪರೇಷನ್ ಮಾಡಿ, ಕಿವಿಯ ಹಿಂದೆ ಮೆಷಿನ್ ಕೂರಿಸಿದರು. ಸದ್ದು ಕೇಳಿಸತೊಡಗಿತು, ಮಾತು ಬರಲಿಲ್ಲ. ಮಾತನ್ನು ಕಲಿಸಬೇಕಿತ್ತು. ಮೈಸೂರಿನಲ್ಲಿ ಅದಕ್ಕೊಂದು ತರಗತಿ ಇದೆ. ಮಂಗಳವಾರದಿಂದ ಶನಿವಾರದವರೆಗೆ ಮಗುವಿನ ಜೊತೆ ತಾಯಿಯೂ ಕೂರಬೇಕು. ತಿಂಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಆ ಜಾಗ ಕಾಯುತ್ತಿರುವ ಇನ್ನೊಂದು ಮಗುವಿಗೆ ಹೋಗುತ್ತದೆ. ನನ್ನ ಗಂಡ ನಂಜೇಶ್‌ಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹಾಗಾಗಿ ನಾನೇ ಡ್ರೈವಿಂಗ್ ಕಲಿತೆ.

ಕಾರು ಮಾರಿದವರು ನಂಜನಗೂಡಿನ ಒಬ್ಬರು ನಿವೃತ್ತ ಮೇಷ್ಟ್ರು. "ಟೈಮಿಂಗ್ ಬೆಲ್ಟ್ ಬದಲಾಯಿಸೋ ಕಾಲ ಹತ್ರ ಬಂದಿದೆಯಮ್ಮ, ಮರೀಬೇಡಿ" ಅಂದಿದ್ದರು. ಅವತ್ತೇ ಡೈರಿಯಲ್ಲಿ ಬರೆದುಕೊಂಡೆ. ಅಲ್ಲಿಂದ ನೇರ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಊರಿಗೆ ಬಂದೆವು.

ದಿನಾ ಸಂಜೆ ನಾವು ಮೈಸೂರಿನಿಂದ ಬಂದೊಡನೆ ಮಾವ ಬಾನೆಟ್ ಸವರುತ್ತಿದ್ದರು. "ದಣಿದ್ಯೇನ್ಲಾ?"

"ಅದು ಹಸು ಅಲ್ಲ ಮಾವ, ಕಾರು."

"ಹಸು ಅಂತ ಯಾರಂದೋರು? ಎತ್ತು ಕಣವ್ವ. ಹಾಲು ಕೊಟ್ಟದಾ ಇದು?"

ಸೋಮವಾರ ಬಂದರೆ ಕಾರಿಗೂ ಸ್ನಾನ, ವಿಭೂತಿ, ಬಿಡುವು.

ತಿ. ನರಸೀಪುರದಲ್ಲಿ ಗ್ಯಾರೇಜ್ ಇಟ್ಟಿರುವ ಸೋಮಶೇಖರ್ ಮಾವನ ಪರಿಚಯದವರ ಮಗ. ಒಂದು ಸಂಜೆ ಕಾರು ನೋಡಿ ಹೇಳಿದ, "ಅಕ್ಕ, ಈ ಬೆಲ್ಟು ಕಿತ್ತೋದ್ರೆ ಇಂಜಿನ್ನೇ ಹೋಯ್ತದೆ. ಒಂದಿನ ಪೂರ್ತಿ ಗಾಡಿ ಬುಡಿ." ಭಾನುವಾರ ಅವನ ಗ್ಯಾರೇಜಿಗೆ ರಜೆ. ಉಳಿದದ್ದು ಸೋಮವಾರ ಒಂದೇ.

"ಸೋಮವಾರ ಬಸವನ ಒಟ್ಟೆ ಕುಯ್ಯದಾ? ಆಗಾಕಿಲ್ಲ" ಅಂದರು ಮಾವ. "ಮೇವು ತಿಂತದೆ, ಕುಂಟ್ತಾ ಇಲ್ಲ. ಏನ್ ಕಾಯ್ಲೆ ಅದ್ಕೆ?"

ಸೋಮಶೇಖರ್‌ಗೆ ಫೋನ್ ಮಾಡಿ ಅವರ ಕೈಗೇ ಕೊಟ್ಟೆ. "ದೊಡ್ಡಪ್ಪ, ಎತ್ತಾದ್ರೆ ಕುಂಟಿ ಹೇಳ್ತದೆ. ಬೆಲ್ಟು ಹೇಳಕಿಲ್ಲ" ಅಂದ.

"ಯಾಕ್ಲಾ, ಗಿರಾಕಿ ಇಲ್ವಾ ನಿಂಗೆ?" ಎಂದು ನಕ್ಕು ಮಾವ ಫೋನ್ ವಾಪಸು ಕೊಟ್ಟರು. ತರಗತಿ ಮುಗಿಯುವಷ್ಟರಲ್ಲಿ ಮೈಸೂರಿನಲ್ಲೇ ಎಲ್ಲಾದರೂ ಮಾಡಿಸೋಣವೆಂದು ಕೇಳಿಬಂದೆ. ಅಲ್ಲೂ ಇಡೀ ದಿನ ಬೇಕೆಂದರು.

ಒಂದು ದಿನ ತರಗತಿ ತಪ್ಪಿಸಿದ್ದರೆ ಆಗುತ್ತಿತ್ತು. ಇದನ್ನು ಮಾವನ ಮೇಲೆ ಹಾಕಲಾರೆ. ಆ ವಾರ ಗಾನವಿ ಮೊದಲ ಸಲ "ತಾ" ಅಂದಿದ್ದಳು. ಮಾವ ಬೀದಿಯವರನ್ನೆಲ್ಲ ಕರೆದು, "ತಾತ ಅನ್ನಾಕೆ ಇನ್ನೊಂದೇ ಅಕ್ಸರ ಬಾಕಿ" ಎಂದು ಹೇಳಿಕೊಂಡರು. ಎದುರುಮನೆ ಪುಟ್ಟಬಸಮ್ಮ, "ಮೊದ್ಲು ಅವ್ವ ಅನ್ಲಿ ಬುಡಿ ಸ್ವಾಮ್ಯೋರೆ, ಹೆತ್ತೋಳಿಗೆ ಒಟ್ಟೆಕಿಚ್ಚಾದಾತು" ಎಂದು ಛೇಡಿಸಿದಳು. ಅಂಥ ಹೊತ್ತಿನಲ್ಲಿ ಒಂದು ದಿನವನ್ನೂ ಬಿಡಲು ನನಗೆ ಮನಸ್ಸಾಗಲಿಲ್ಲ. ಡೈರಿಯಲ್ಲಿ ‘ಬೆಲ್ಟ್’ ಅನ್ನುವುದನ್ನು ಮುಂದಿನ ವಾರದ ಪುಟಕ್ಕೆ ಬರೆದೆ. ಹಾಗೆ ಐದು ವಾರ ಬರೆದಿದ್ದೇನೆ.

ಒಂದು ಗುರುವಾರ ಬೆಳಿಗ್ಗೆ ಗರ್ಗೇಶ್ವರಿ ದಾಟಿದ ಮೇಲೆ ಒಳಗೆ ಏನೋ ಪಟ್ಟೆಂದಿತು. ಅಷ್ಟೆ, ಕಾರು ತಾನಾಗಿ ನಿಂತಿತು. ಗಾನವಿ ನನ್ನ ಮುಖ ನೋಡಿದಳು. ಆ ಸದ್ದು ಅವಳಿಗೂ ಕೇಳಿಸಿತ್ತು. ಬೇರೆ ದಿನವಾಗಿದ್ದರೆ ಅದಕ್ಕೇ ಎತ್ತಿ ಮುದ್ದಾಡುತ್ತಿದ್ದೆ.

ಸೋಮಶೇಖರ್ ಬಂದು ಕಾರನ್ನು ಮನೆಗೆ ಎಳೆಸಿ ತಂದು, ಮಾವನ ಎದುರೇ ಬಾನೆಟ್ ಎತ್ತಿ ನೋಡಿ ಕೈ ಒರೆಸಿಕೊಂಡ. "ವಾಲ್ವೆಲ್ಲಾ ಬೆಂಡಾಗವೆ ಅಕ್ಕ. ಇಂಜಿನ್ ಬಿಚ್ಚಿ ಮಾಡ್ಸಕ್ಕೆ ಕಾರಿನ ಬೆಲೆಗಿಂತ ಜಾಸ್ತಿ ಆಯ್ತದೆ. ಮಾಡ್ಸಿ ಅಂತ ನಾನು ಹೇಳಕಿಲ್ಲ." ಮೊದಲೇ ಹೇಳಿದ್ದೆನಲ್ಲ ಎಂದು ಅವನು ಎತ್ತಿ ಆಡಲಿಲ್ಲ. ಮಾವನ ಮುಖವನ್ನಂತೂ ನೋಡಲೇ ಇಲ್ಲ.

ಆಮೇಲೆ ಬಸ್ಸು. ನರಸೀಪುರದಲ್ಲೊಂದು, ಮೈಸೂರಿನಲ್ಲಿ ಇನ್ನೊಂದು ಬದಲಿಸಬೇಕು. ಆ ಗದ್ದಲಕ್ಕೆ ಗಾನವಿ ಕಿರುಚಿ, ಕಿವಿಯ ಮೆಷಿನ್ ಕಿತ್ತೆಸೆದು, ನನ್ನ ಮಡಿಲಲ್ಲೇ ವಾಂತಿ ಮಾಡುತ್ತಿದ್ದಳು. ಎರಡು ದಿನ ಅರ್ಧ ದಾರಿಯಿಂದ ವಾಪಸು ಬಂದೆವು. ಮತ್ತೆರಡು ದಿನ ಜ್ವರ. ಟೀಚರ್ ಒಳ್ಳೆಯವರೇ, ಕಣ್ಣಲ್ಲಿ ನೀರು ತಂದುಕೊಂಡೇ ಜಾಗ ಹೋಯಿತೆಂದು ಹೇಳಿದರು. ಹೊಸದಾಗಿ ಹೆಸರು ಬರೆಸಿದ್ದೇವೆ. ನಮಗಿಂತ ಮುಂದೆ ಮೂವತ್ತೊಂದು ಮಕ್ಕಳಿದ್ದಾರೆ. ಟೀಚರ್ ಹೇಳಿಕೊಟ್ಟ ಹಾಗೆ ಮನೆಯಲ್ಲಿ ನಾನೇ ಕೂರಿಸಿಕೊಂಡು ಕಲಿಸುತ್ತೇನೆ. ಬಸ್ಸಿನ ಮೇಲಿನ ಸಿಟ್ಟು ಮೆಷಿನ್ ಮೇಲೆ ನಿಂತುಬಿಟ್ಟಿದೆ, ಹಾಕಿದರೆ ಕಿತ್ತುಹಾಕುತ್ತಾಳೆ. "ತಾ" ಅನ್ನುವುದನ್ನೂ ಬಿಟ್ಟಿದ್ದಾಳೆ.

ಇವತ್ತು ಬುಧವಾರ. ಬೆಳಿಗ್ಗೆ ನೋಡಿದರೆ ಮಾವ ಬಕೆಟ್ಟಿನಲ್ಲಿ ನೀರು ತಂದು ಕಾರು ತೊಳೆಯುತ್ತಿದ್ದರು. ಗಾನವಿ ಅವರ ಬೆರಳು ಹಿಡಿದು ಕಾರಿನ ಬಾಗಿಲ ಕಡೆಗೆ ಎಳೆಯುತ್ತಿದ್ದಳು, ಸದ್ದಿಲ್ಲದೆ.

"ಸೋಮವಾರ ಅಲ್ಲವಲ್ಲ ಮಾವ ಇವತ್ತು" ಎಂದೆ.

ಅವರು ತಿರುಗಲಿಲ್ಲ. "ಇನ್ಮೇಲೆ ಇದ್ಕೆ ದಿನಾ ಸೋಮವಾರವೇ ಕಣವ್ವ."

ವಿಭೂತಿ ಬಳಿಯಲು ಬೆರಳೆತ್ತಿದವರು, ಬಳಿಯದೆ ಕೈ ಇಳಿಸಿದರು.